ಎಂಟು ಮಿಲಿಮೀಟರ್

ನಮ್ಮ ಕಡೆ ಬೈಕಿನ ಮುಂದಿನ ಫೋರ್ಕನ್ನು ಫೋರ್ಕ್ ಅಂದರೆ ಯಾರಿಗೂ ತಿಳಿಯುವುದಿಲ್ಲ. ಅದು 'ಮುಂದಿನ ಶಾಕಪ್'. ಶಾಕ್ ಅಬ್ಸಾರ್ಬರ್ ಎಂಬ ಉದ್ದನೆಯ ಹೆಸರನ್ನು ಗ್ಯಾರೇಜಿನ ನಾಲಿಗೆಗಳು ತೇಯ್ದು ತೇಯ್ದು ಇಷ್ಟಕ್ಕೆ ತಂದಿವೆ. ಹೆಸರು ಸವೆದರೇನಂತೆ, ಕೆಲಸ ನಡೆದರೆ ಸಾಕು. ಆ ಕೆಲಸವೇನೂ ಸಣ್ಣದಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದ ಪ್ರಕಾರ ರಸ್ತೆಯ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬಂದ ಗಾಡಿ ಅದನ್ನು ಮೆತ್ತಗೆ ಹತ್ತಿ ಇಳಿಯಬೇಕು. ನಮ್ಮ ಹಳ್ಳಿ ರಸ್ತೆಗಳ ಹಂಪ್ಸಿಗೆ ಈ ಲೆಕ್ಕ ಗೊತ್ತಿಲ್ಲ. ಯಾರದೋ ಮನೆಯ ಕರುವೋ ನಾಯಿಯೋ ಗಾಡಿಗೆ ಸಿಕ್ಕಿದ ಮಾರನೆಯ ದಿನ, ಮಿಕ್ಕಿದ ಕಾಂಕ್ರೀಟಿನಲ್ಲಿ ಊರವರೇ ಕಟ್ಟಿದ ಒಂದು ಮೊಳ ಅಗಲದ ದಿಂಡು ಅದು. ಕಣ್ಣಿಗಿಂತ ಮೊದಲು ಮಣಿಕಟ್ಟಿಗೆ ತಿಳಿಯುತ್ತದೆ.

ತಿಪಟೂರಿನ ಹತ್ತಿರ ನಮ್ಮ ಮನೆಯಿಂದ ತೆಂಗಿನ ತೋಟಕ್ಕೆ 6 ಕಿಲೋಮೀಟರ್. ದಾರಿಯಲ್ಲಿ ಇಂಥ ದಿಂಡುಗಳು 11. 72 ವರ್ಷದ ಅಪ್ಪ ದಿನಕ್ಕೆ ಎರಡು ಸಲ, ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುವ ವಾರ ಮೂರು ಸಲ, 2006ರ ಮಾಡೆಲ್ಲಿನ 150 ಸಿಸಿ ಬೈಕಿನಲ್ಲಿ ಇವನ್ನೆಲ್ಲ ದಾಟುತ್ತಾನೆ. ಹೋದ ವರ್ಷದಿಂದ ಅವನ ಮಣಿಕಟ್ಟು ಊದಿಕೊಳ್ಳತೊಡಗಿತ್ತು. ಬ್ರೇಕ್ ಹಿಡಿದರೆ ಬೈಕು ಮೂಗು ಮುಗ್ಗರಿಸುವ ಹಾಗೆ ಮುಂದಕ್ಕೆ ಬಗ್ಗುತ್ತಿತ್ತು. ಎರಡು ಸಲ ಕಾಲು ಊರಿ ಬಚಾವಾಗಿದ್ದ. ಹಾಸನದಿಂದ ಅಕ್ಕ ಫೋನ್ ಮಾಡಿ, "ಮೊದ್ಲು ಆ ಗಾಡಿ ಕೀ ಕಿತ್ತಿಟ್ಕೋ. ಬಿದ್ದು ಸೊಂಟ ಮುರ್ಕೊಂಡ್ರೆ ನೋಡ್ಕೊಳ್ಳೋರ್ ಯಾರು?" ಅಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಕೀ ಕಿತ್ತುಕೊಂಡರೆ ತೋಟವನ್ನೂ ಕಿತ್ತುಕೊಂಡಂತೆ. ಆಮೇಲೆ ಜಗಲಿ, ಟೀವಿ, ಮಾತ್ರೆ ಡಬ್ಬಿ, ಅಷ್ಟೇ. ಬೆಂಗಳೂರಿನಿಂದ ನಾನು ಕೊರಿಯರಿನಲ್ಲಿ ಹೊಸ ಸ್ಪ್ರಿಂಗುಗಳನ್ನು ತರಿಸಿಕೊಂಡು ಊರಿಗೆ ಹೋದದ್ದು ಅಕ್ಕನ ಕಣ್ಣಿಗೆ ಪಕ್ಷಾಂತರದ ಹಾಗೇ ಕಂಡಿತು.

ಶಾಕಪ್ಪಿನ ಒಳಗಿರುವುದು ಇಬ್ಬರು ಕೆಲಸಗಾರರು. ಭಾರ ಹೊರುವುದು ಸ್ಪ್ರಿಂಗು. ಹೊತ್ತ ಮೇಲೆ ಕುಣಿಯದ ಹಾಗೆ ಹಿಡಿಯುವುದು ಎಣ್ಣೆ, ಸಣ್ಣ ತೂತುಗಳಲ್ಲಿ ನುಗ್ಗುತ್ತಾ. 1935ರಲ್ಲಿ ಜರ್ಮನಿಯ ಬಿಎಂಡಬ್ಲ್ಯೂ ತನ್ನ ಆರ್ 12, ಆರ್ 17 ಬೈಕುಗಳಿಗೆ ಎಣ್ಣೆಯ ಟೆಲಿಸ್ಕೋಪಿಕ್ ಫೋರ್ಕು ಹಾಕಿ ಮಾರಿತು. ಇವತ್ತು ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವ ಬೈಕಿನ ಮುಂದಿರುವುದೂ ಮೂಲದಲ್ಲಿ ಅದೇ. ಸ್ಪ್ರಿಂಗಿನ ನಿಯಮ ಇನ್ನೂ ಹಳೆಯದು. ರಾಬರ್ಟ್ ಹುಕ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಅದನ್ನು ಕಂಡುಕೊಂಡು, ಬೇರೆಯವರು ಕದ್ದಾರೆಂದು 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟು ಮಾಡಿ ಅಚ್ಚು ಹಾಕಿಸಿದ. ಒಗಟು ಬಿಡಿಸಿದ್ದು 1678ರಲ್ಲಿ. ಒಳಗಿದ್ದ ವಿಷಯ ಇಷ್ಟೇ: ಭಾರ ಎರಡರಷ್ಟಾದರೆ ಕುಗ್ಗುವುದೂ ಎರಡರಷ್ಟು. ಕೊಬ್ಬರಿ ಮಂಡಿಯಲ್ಲಿ ಸ್ಪ್ರಿಂಗ್ ತಕ್ಕಡಿ ನೋಡಿದವರಿಗೆ ಇದರಲ್ಲಿ ಒಗಟೇನೂ ಕಾಣುವುದಿಲ್ಲ.

ಭಾನುವಾರ ಬೆಳಿಗ್ಗೆ ಕೊಟ್ಟಿಗೆಯ ಮುಂದಿನ ಸಿಮೆಂಟು ನೆಲದಲ್ಲಿ ಕೆಲಸ ಶುರುವಾಯಿತು. ಬೈಕನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ, ಇಂಜಿನ್ನಿನ ಕೆಳಗೆ ಮರದ ತುಂಡುಗಳನ್ನು ಜೋಡಿಸಿ ಮುಂದಿನ ಚಕ್ರವನ್ನು ನೆಲದಿಂದ ಎತ್ತಿದೆ. ಕೊಳವೆಯನ್ನು ಮೇಲೆ ಹಿಡಿದಿರುವ ಬೋಲ್ಟನ್ನು ಮೊದಲು ಸಡಿಲಿಸಬೇಕು, ಇಲ್ಲದಿದ್ದರೆ ಮುಚ್ಚಳದ ಮರೆ ಬಿಗಿದುಕೊಂಡಿರುತ್ತದೆ. ಕೊಳವೆ ಇನ್ನೂ ಬೈಕಿನಲ್ಲಿ ಇರುವಾಗಲೇ ಮುಚ್ಚಳವನ್ನೂ ಅರ್ಧ ಸುತ್ತು ತಿರುಗಿಸಿಟ್ಟುಕೊಳ್ಳಬೇಕು. ಕಳಚಿ ಕೈಗೆ ತೆಗೆದುಕೊಂಡ ಮೇಲೆ ಹಿಡಿದು ತಿರುಗಿಸಲು ಏನೂ ಸಿಗುವುದಿಲ್ಲ. ಕೊನೆಯ ಸುತ್ತಿನಲ್ಲಿ ಅಂಗೈಯಿಂದ ಒತ್ತಿ ಹಿಡಿದಿರಬೇಕು, ಮುಖ ಆಚೆಗಿರಬೇಕು. ಕೆಳಗೆ ಸ್ಪ್ರಿಂಗು ಒತ್ತಿಕೊಂಡು ಕೂತಿರುತ್ತದೆ. ಬಿಟ್ಟರೆ ಮುಚ್ಚಳ ಹಾರುತ್ತದೆ.

ಒಳಗಿನಿಂದ ಬಂದ ಎಣ್ಣೆ ಎಣ್ಣೆಯ ಹಾಗಿರಲಿಲ್ಲ. ಪಾತ್ರೆ ತೊಳೆದ ಬೂದಿನೀರಿನ ಬಣ್ಣ. ಹಳೆಯ ಸ್ಪ್ರಿಂಗನ್ನು ಹೊಸದರ ಪಕ್ಕಕ್ಕೆ ಮಲಗಿಸಿದೆ. ಕುರ್ಚಿ ಹಾಕಿಕೊಂಡು ಕೂತಿದ್ದ ಅಪ್ಪ ಬಗ್ಗಿ ನೋಡಿದ.

"ಇದು ಗಿಡ್ಡಕ್ಕಾಗೈತಲ್ಲ?"

ಸ್ಕೇಲಿಟ್ಟೆ. ಬಿಡಿ ಸ್ಪ್ರಿಂಗು ಎಷ್ಟು ಉದ್ದಕ್ಕಿಂತ ಕಡಿಮೆಯಾದರೆ ಬದಲಿಸಬೇಕೆಂದು ಮ್ಯಾನುಯಲ್ಲಿನಲ್ಲಿ ಇರುತ್ತದೆ. ನಮ್ಮದು ಆ ಗಡಿ ದಾಟಿ 12 ಮಿಲಿಮೀಟರ್ ಕುಗ್ಗಿತ್ತು.

"ನನ್ ಥರಾನೇ ಬಿಡು," ಅಂದ ಅಪ್ಪ.

ಕೊಳವೆಯನ್ನು ತಲೆಕೆಳಗು ಮಾಡಿ, ಪಂಪಿನಂತೆ ಒತ್ತಿ ಒತ್ತಿ ಹಳೆಯ ಎಣ್ಣೆಯನ್ನೆಲ್ಲ ಹೊರಹಾಕಿ ಹೊಸದನ್ನು ಸುರಿದೆ. ಎರಡೂ ಕೊಳವೆಗಳಿಗೆ ಸರಿಸಮ ಎಣ್ಣೆ ಇರಬೇಕು. ಅದಕ್ಕೆ ಅಳತೆ ಲೋಟಕ್ಕಿಂತ ಸ್ಕೇಲೇ ಮೇಲು: ಸ್ಪ್ರಿಂಗಿಲ್ಲದ ಕೊಳವೆಯನ್ನು ಪೂರ್ತಿ ಒತ್ತಿ, ಬಾಯಿಯಿಂದ ಎಣ್ಣೆಯ ಮಟ್ಟಕ್ಕೆ ಎಷ್ಟು ದೂರ ಎಂದು ನೋಡುವುದು. ಆಮೇಲೆ ಸ್ಪ್ರಿಂಗು, ವಾಷರು, ಅದರ ಮೇಲೊಂದು ಕೊಳವೆ ತುಂಡು, ಮುಚ್ಚಳ. ಆ ತುಂಡಿನ ಹೆಸರು ಸ್ಪೇಸರ್. ಅದನ್ನು ಉದ್ದ ಮಾಡಿದರೆ ಸ್ಪ್ರಿಂಗು ಗಟ್ಟಿಯಾಗುತ್ತದೆಂದು ಬಹಳ ಜನ ತಿಳಿದಿದ್ದಾರೆ. ಸ್ಪ್ರಿಂಗಿನ ಗುಣ ಬದಲಾಗುವುದಿಲ್ಲ. ಬೈಕು ಎಷ್ಟು ಎತ್ತರದಲ್ಲಿ ನಿಲ್ಲುತ್ತದೆ ಎಂಬುದಷ್ಟೇ ಬದಲಾಗುತ್ತದೆ.

ಆ ಎತ್ತರವನ್ನು ಹೊಂದಿಸುವುದೇ ನಿಜವಾದ ಕೆಲಸ. ಶಾಕಪ್ಪಿನ ಒಳಕೊಳವೆಗೆ ಒಂದು ಪ್ಲಾಸ್ಟಿಕ್ ಕಟ್ಟು ಬಿಗಿದು, ಮುಂಭಾಗ ಎತ್ತಿ ಹಿಡಿದಾಗ ಅದನ್ನು ಧೂಳಿನ ಸೀಲಿನವರೆಗೆ ಸರಿಸಿಡಬೇಕು. ಸವಾರ ಎರಡೂ ಕಾಲನ್ನು ಮೇಲಿಟ್ಟು ಕೂರಬೇಕು, ಇನ್ನೊಬ್ಬರು ಹಿಂದೆ ಹಿಡಿಯಬೇಕು. ಸವಾರ ಇಳಿದ ಮೇಲೆ ಮುಂಭಾಗವನ್ನು ಮತ್ತೆ ಎತ್ತಿ, ಕಟ್ಟು ಎಷ್ಟು ಮೇಲೆ ಹೋಗಿದೆ ಎಂದು ಅಳೆಯಬೇಕು. ಶಾಕಪ್ಪಿನ ಒಟ್ಟು ಓಡಾಟದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗ ಕುಗ್ಗಿದ್ದರೆ ಸರಿ. ಈ ಬೈಕಿನ ಓಡಾಟ 130 ಮಿಲಿಮೀಟರ್. ಅಂದರೆ 33ರಿಂದ 43ರೊಳಗೆ ಬರಬೇಕು. ಹಳೆಯ ಸ್ಪ್ರಿಂಗಿನಲ್ಲಿ ಅಪ್ಪ ಕೂತಾಗ 52 ಬಂದಿತ್ತು. ದಿಂಡು ಬರುವ ಮೊದಲೇ ಅರ್ಧ ಹತ್ತಿರ ಮುಗಿದಿರುತ್ತಿತ್ತು.

ಹೊಸದಕ್ಕೆ ಮೊದಲು ನಾನು ಕೂತೆ. 36. ಒಳ್ಳೆಯ ಅಳತೆ. ಆಮೇಲೆ ಅಪ್ಪ ಕೂತ. ಪಕ್ಕದ ಮನೆಯ ಹುಡುಗ ಹಿಂದೆ ಹಿಡಿದುಕೊಂಡಿದ್ದ. 27. ಮತ್ತೆ ಕೂರಿಸಿದೆ. 27ರಲ್ಲಿ ಬದಲಾವಣೆಯಿಲ್ಲ.

ಮಂಡಿಯ ತಕ್ಕಡಿಯಲ್ಲಿ ನಾನು 82 ಕೆಜಿ, ಅಪ್ಪ 58. ಈ ಬೈಕು ತಂದ ವರ್ಷ ಅವನು 74 ಇದ್ದ. ಗಾಡಿ ತಂದ ದಿನವೇ ಅಮ್ಮನನ್ನು ಕೂರಿಸಿಕೊಂಡು ಹಾಲ್ಕುರಿಕೆಗೆ ಹೋಗಿ ಬಂದಿದ್ದ. ಆಮೇಲೆ ಶುಗರ್ ಬಂತು, ರಾತ್ರಿ ಊಟ ಚಪಾತಿಗೆ ಇಳಿಯಿತು, ಷರಟುಗಳು ದೊಗಳೆಯಾದವು. ಮನೆಯಲ್ಲಿ ಎಲ್ಲರಿಗೂ ಇದು ಗೊತ್ತಿತ್ತು. 'ಸೊರಗಿದ್ದಾನೆ' ಅನ್ನುತ್ತಿದ್ದೆವು. ಸೊರಗುವುದು ಎಂಬ ಮಾತಿನಲ್ಲಿ ಅಳತೆಯಿಲ್ಲ, ಅದಕ್ಕೇ ಅದನ್ನು ಸುಲಭವಾಗಿ ಆಡಬಹುದು. ಸ್ಪ್ರಿಂಗಿನ ಮುಂದೆ ಆ ಅನುಕೂಲವಿಲ್ಲ. ನನಗೂ ಅಪ್ಪನಿಗೂ ನಡುವಿನ ವ್ಯತ್ಯಾಸ 9 ಮಿಲಿಮೀಟರ್ ಎಂದು ಅದು ಹೇಳಿಬಿಟ್ಟಿತ್ತು.

ಸ್ಪೇಸರನ್ನು ಹೊರತೆಗೆದು, ಹ್ಯಾಕ್ಸಾದಲ್ಲಿ ಎರಡೂ ಕಡೆಯದರಿಂದ 8 ಮಿಲಿಮೀಟರ್ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ತೊಳೆದು ಹಾಕಿದೆ. ಅಪ್ಪ ಕೂತ. 35. ಚಕ್ರದ ಅಚ್ಚು ಬಿಗಿಯುವ ಮೊದಲು ನಾಲ್ಕಾರು ಸಲ ಮುಂಭಾಗವನ್ನು ಒತ್ತಿ ಎರಡೂ ಕಾಲುಗಳು ತಮ್ಮ ಜಾಗಕ್ಕೆ ಬರಲು ಬಿಟ್ಟೆ. ಬ್ರೇಕ್ ನೋಡಿದೆ. ಅಪ್ಪ ಒಂದು ಸುತ್ತು ಹೋಗಿ ಬಂದು, "ಹೆಂಗೈತೆ?" ಅಂದರೆ ಉತ್ತರಿಸದೆ ಇನ್ನೊಂದು ಸುತ್ತು ಹೋದ.

ಸಂಜೆ ಅಕ್ಕನಿಗೆ ಫೋನ್ ಹಚ್ಚಿ ಮೂವರೂ ಮಾತಾಡಿದೆವು. ಸ್ಪ್ರಿಂಗು ಸರಿಮಾಡಿದ್ದು ಮಣಿಕಟ್ಟಿನ ಪಾಡನ್ನು. ಎದುರಿನ ಲೈಟಿಗೆ ಕಣ್ಣು ಕೋರೈಸುವುದನ್ನು, ನಿಧಾನವಾದ ಕೈಯನ್ನು ಅದು ಸರಿಮಾಡದು. ಅಕ್ಕನ ಭಯ ಇದ್ದದ್ದು ಅಲ್ಲಿ, ಅದು ನ್ಯಾಯವೂ ಹೌದು. ಕೊನೆಗೆ ಒಪ್ಪಂದವಾಯಿತು: ತೋಟದ ಮೋಟರಿಗೆ ಆಟೋ ಸ್ಟಾರ್ಟರ್ ಹಾಕಿಸುವುದು, ಕರೆಂಟು ಎಷ್ಟು ಹೊತ್ತಿಗೆ ಬಂದರೂ ಅಪ್ಪ ರಾತ್ರಿ ಗಾಡಿ ತೆಗೆಯದಿರುವುದು, ಆರು ತಿಂಗಳಿಗೊಮ್ಮೆ ಕಣ್ಣು ತೋರಿಸುವುದು. ಹಗಲಿನ ಕೀ ಅಪ್ಪನದು. ರಾತ್ರಿಯ ಕೀ ಅಮ್ಮನ ಹತ್ತಿರ.

"ಹಗ್ಲು ಸಾಕು," ಅಂದ ಅಪ್ಪ, ಸ್ವಲ್ಪ ಹೊತ್ತು ಬಿಟ್ಟು.

ಕೊಟ್ಟಿಗೆಯ ಗೋಡೆಯಲ್ಲಿ ತೆಂಗಿನಕಾಯಿ ಲೆಕ್ಕ ಬರೆಯುವ ಜಾಗದ ಪಕ್ಕ ಸೀಸದ ಕಡ್ಡಿಯಿಂದ ತಾರೀಖು ಹಾಕಿ '58 ಕೆಜಿ, 35' ಎಂದು ಬರೆದಿದ್ದೇನೆ. ಹೊಸ ಸ್ಪ್ರಿಂಗು ಮೊದಲ ದಿನಗಳಲ್ಲಿ ಕೊಂಚ ಕೂರುತ್ತದೆ, ಮತ್ತೆ ಅಳೆಯಬೇಕು. ಯುಗಾದಿಗೆ ಹೋದಾಗ ಅಳೆಯುತ್ತೇನೆ. 35 ಇದ್ದರೆ ಸಾಕು. 36, 37 ಬಂದು, ಅದಕ್ಕೆ ಕಾರಣ ಸ್ಪ್ರಿಂಗಲ್ಲದೆ ಅಪ್ಪನಾಗಿದ್ದರೆ ಇನ್ನೂ ಸಂತೋಷ.