ಗಂಧೋತ್ಕಟನ ಮಡಿಲು

ಜೈನ ಕಥಾಸಾಹಿತ್ಯದಲ್ಲಿ ಒಬ್ಬರು ಹೆತ್ತ ಕೂಸನ್ನು ಮತ್ತೊಬ್ಬರು ಎತ್ತಿ ಸಲಹಿದ ಪ್ರಸಂಗಗಳು ಹಲವಿವೆ. ಅವುಗಳಲ್ಲಿ ಜೀವಂಧರನ ಜನ್ಮವೃತ್ತಾಂತಕ್ಕೆ ವಿಶಿಷ್ಟವಾದ ಸ್ಥಾನವಿದೆ. ಗುಣಭದ್ರಾಚಾರ್ಯರ ಉತ್ತರಪುರಾಣ, ವಾದೀಭಸಿಂಹನ ಗದ್ಯಚಿಂತಾಮಣಿ ಹಾಗೂ ಕ್ಷತ್ರಚೂಡಾಮಣಿ, ತಮಿಳಿನ ಜೀವಕಚಿಂತಾಮಣಿ ಇವೆಲ್ಲ ಹೇಳಿದ ಈ ಕಥೆಯನ್ನು ಭಾಸ್ಕರ ಕವಿಯು 1424ರಲ್ಲಿ ಭಾಮಿನಿ ಷಟ್ಪದಿಯಲ್ಲಿ ಕನ್ನಡಿಗರಿಗೆ ಕೊಟ್ಟನು.

ಹೇಮಾಂಗದ ದೇಶದ ರಾಜಪುರಿಯಲ್ಲಿ ಮಂತ್ರಿ ಕಾಷ್ಠಾಂಗಾರನು ಸತ್ಯಂಧರ ಮಹಾರಾಜನಿಗೆ ದ್ರೋಹ ಬಗೆದನು. ತುಂಬು ಗರ್ಭಿಣಿಯಾದ ವಿಜಯಾದೇವಿಯು ನವಿಲಿನಾಕಾರದ ಯಂತ್ರವನ್ನೇರಿ ಪಾರಾದಳು. ಆ ಯಂತ್ರ ಇಳಿದದ್ದು ಸ್ಮಶಾನದಲ್ಲಿ. ಕುಮಾರನು ಹುಟ್ಟಿದ್ದೂ ಅಲ್ಲಿಯೇ. ಅದೇ ಹೊತ್ತಿಗೆ ಗಂಧೋತ್ಕಟನೆಂಬ ವೈಶ್ಯನು ತನ್ನ ಸತ್ತ ಶಿಶುವನ್ನು ಹೊತ್ತು ಆ ಸ್ಮಶಾನಕ್ಕೆ ಬಂದನು. ರಾಣಿಯು ರಾಜಮುದ್ರೆಯ ಉಂಗುರದೊಡನೆ ಕೂಸನ್ನು ನೆಲದ ಮೇಲೆ ಮಲಗಿಸಿ ಮರೆಯಾದಳು. ವರ್ತಕನು ಕೂಸನ್ನು ಎತ್ತಿಕೊಂಡಾಗ ಮರೆಯಿಂದ ‘ಜೀವ’ ಎಂಬ ಆಶೀರ್ವಚನ ಕೇಳಿಬಂತು. ಆ ಮಾತೇ ಮಗುವಿನ ಹೆಸರಾಯಿತು.

ಈ ಸನ್ನಿವೇಶದಲ್ಲಿ ಎರಡು ದುಃಖಗಳು ಎದುರುಬದುರಾಗಿವೆ. ಒಬ್ಬಳಿಗೆ ಮಗುವಿದೆ, ಸಲಹುವ ಆಸರೆಯಿಲ್ಲ. ಇನ್ನೊಬ್ಬನಿಗೆ ಆಸರೆಯಿದೆ, ಮಗುವಿಲ್ಲ. ಇಬ್ಬರೂ ಪರಸ್ಪರ ಮಾತನಾಡುವುದಿಲ್ಲ. ಆದರೂ ಹೆತ್ತವಳು ಕೊಟ್ಟ ಒಂದು ಮಾತನ್ನು ಸಾಕಿದವನು ಹೆಸರಾಗಿ ಉಳಿಸಿಕೊಂಡನು. ದತ್ತಕದ ಧರ್ಮಸೂಕ್ಷ್ಮವೆಲ್ಲ ಈ ಒಂದು ಸಂಗತಿಯಲ್ಲಿ ಅಡಗಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ತುರುವೇಕೆರೆ ತಾಲ್ಲೂಕಿನ ದಂಡಿನಶಿವರದಂತಹ ತೆಂಗಿನ ಸೀಮೆಯ ಊರುಗಳಲ್ಲಿ ‘ದತ್ತು’ ಎಂಬ ಮಾತು ಬಹುಕಾಲ ತೋಟ, ಮನೆ, ಮನೆತನಗಳೊಡನೆ ಹೆಣೆದುಕೊಂಡಿತ್ತು. ಮಕ್ಕಳಿಲ್ಲದವರು ಅಣ್ಣತಮ್ಮಂದಿರ ಮಕ್ಕಳಲ್ಲಿ ಒಬ್ಬನನ್ನು ತೆಗೆದುಕೊಳ್ಳುತ್ತಿದ್ದರು. ಅಲ್ಲಿ ‘ಮೊದಲ ಭೇಟಿ’ ಎಂಬುದೇ ಇರುತ್ತಿರಲಿಲ್ಲ. ನಿನ್ನೆಯವರೆಗೆ ದೊಡ್ಡಮ್ಮನಾಗಿದ್ದವಳು ಇಂದು ಅಮ್ಮನಾಗುತ್ತಿದ್ದಳು, ಅಷ್ಟೆ. ವೈದಿಕ ಸಂಪ್ರದಾಯದಲ್ಲಿ ಪುತ್ರಸ್ವೀಕಾರಕ್ಕೆ ಪಿಂಡೋದಕದ ಹೊಣೆ ಅಂಟಿಕೊಂಡಿತ್ತು. ಜೈನರಲ್ಲಿ ಶ್ರಾದ್ಧ, ಪಿಂಡಗಳ ನಂಬಿಕೆಯಿಲ್ಲದ ಕಾರಣ ಅದು ಲೌಕಿಕ ವ್ಯವಹಾರವೆಂದೇ ಪರಿಗಣಿತವಾಗಿತ್ತು. ಜೈನ ವಿಧವೆಯು ಗಂಡನ ಅನುಮತಿಯಿಲ್ಲದೆಯೂ ದತ್ತು ಪಡೆಯಬಹುದೆಂಬ ರೂಢಿಯನ್ನು 1878ರಲ್ಲಿ ಪ್ರಿವಿ ಕೌನ್ಸಿಲ್ ಮಾನ್ಯ ಮಾಡಿತು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯು ಜೈನರಿಗೂ ಅನ್ವಯಿಸಿತು, ಹೆಣ್ಣುಮಗುವನ್ನು ದತ್ತು ಪಡೆಯಲು ಅವಕಾಶವಿತ್ತಿತು, ದತ್ತಹೋಮ ಅನಿವಾರ್ಯವಲ್ಲವೆಂದಿತು. ಆದರೆ ಒಂದನ್ನು ಮಾತ್ರ ಅದು ಬಿಡಲಿಲ್ಲ: ಮಗುವನ್ನು ವಾಸ್ತವವಾಗಿ ಕೊಡಬೇಕು, ವಾಸ್ತವವಾಗಿ ಪಡೆಯಬೇಕು. ಒಂದು ಕೈಯಿಂದ ಮತ್ತೊಂದು ಕೈಗೆ ಮಗು ಸಾಗುವ ಆ ಕ್ಷಣವೇ ಶಾಸನದ ಕಣ್ಣಿನಲ್ಲಿಯೂ ದತ್ತಕದ ತಿರುಳು.

ವಿದೇಶದ ದಂಪತಿಗಳಿಗೆ ಈ ಕಾಯಿದೆಯ ದಾರಿ ತೆರೆದಿರಲಿಲ್ಲ. ಅವರು 1890ರ ಪೋಷಕರ ಮತ್ತು ಪಾಲ್ಯರ ಕಾಯಿದೆಯ ಮೇರೆಗೆ ಪಾಲಕರಾಗಿ ನೇಮಕಗೊಂಡು, ಮಗುವನ್ನು ತಮ್ಮ ದೇಶಕ್ಕೆ ಕೊಂಡೊಯ್ದು ಅಲ್ಲಿ ದತ್ತು ಪಡೆಯಬೇಕಾಗಿತ್ತು. ಈ ಸಡಿಲ ವ್ಯವಸ್ಥೆಯಲ್ಲಿ ಕರುಣೆಗೂ ಕಳ್ಳದಂಧೆಗೂ ಒಂದೇ ಬಾಗಿಲು. ವಕೀಲ ಲಕ್ಷ್ಮೀಕಾಂತ ಪಾಂಡೆಯವರು ಸರ್ವೋಚ್ಚ ನ್ಯಾಯಾಲಯಕ್ಕೆ ಬರೆದ ಪತ್ರವೇ ಅರ್ಜಿಯಾಗಿ, 1984ರಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ತೀರ್ಪಿನಿಂದ ಅದಕ್ಕೆ ಕಟ್ಟುಪಾಡುಗಳು ಬಂದವು. 1990ರಲ್ಲಿ ಕೇಂದ್ರದ ದತ್ತಕ ಸಂಸ್ಥೆ ‘ಕಾರಾ’ ಸ್ಥಾಪನೆಯಾಯಿತು. 1993ರ ಹೇಗ್ ಒಡಂಬಡಿಕೆಯನ್ನು ಭಾರತವು 2003ರಲ್ಲಿ ಸ್ಥಿರೀಕರಿಸಿತು. ಹೆತ್ತವರು ಮಗುವನ್ನು ಒಪ್ಪಿಸಿದ ಮೇಲೂ ಮನಸ್ಸು ಬದಲಿಸಲು ಎರಡು ತಿಂಗಳ ಕಾಲಾವಕಾಶವನ್ನು 2015ರ ಬಾಲನ್ಯಾಯ ಕಾಯಿದೆ ಕೊಟ್ಟಿದೆ. ದತ್ತಕದ ಆದೇಶ ಹೊರಡಿಸುವ ಮುನ್ನ, ವಯಸ್ಸಿಗೂ ತಿಳಿವಳಿಕೆಗೂ ತಕ್ಕಂತೆ ಮಗುವಿನ ಇಚ್ಛೆಯನ್ನು ಪರಿಗಣಿಸಬೇಕೆಂದೂ ಅದು ವಿಧಿಸಿದೆ.

ಈ ಕಟ್ಟುಪಾಡುಗಳೆಲ್ಲ ಬರುವ ಮುನ್ನ ಕನ್ನಡ ನೆಲದಲ್ಲಿ ನಡೆದ ಒಂದು ಘಟನೆಯನ್ನು ಇಲ್ಲಿ ಸ್ಮರಿಸಬಹುದು. ಸ್ವಿಟ್ಜರ್ಲೆಂಡಿನ ವೈದ್ಯೆ ಇವಾ ಲೊಂಬಾರ್ಡ್ ಉಡುಪಿಯಲ್ಲಿ 1923ರಲ್ಲಿ ಸ್ಥಾಪಿಸಿದ ಆಸ್ಪತ್ರೆಯಲ್ಲಿ 1970ರ ಮೇ 1ರಂದು ಒಂದು ಗಂಡುಮಗು ಹುಟ್ಟಿತು. ಸಾಕಲಾರದ ತಾಯಿಯು ತನ್ನ ಮಗನನ್ನು ಅಲ್ಲಿನ ಜರ್ಮನ್ ವೈದ್ಯರ ಕೈಗಿತ್ತು, ಒಳ್ಳೆಯ ಬದುಕು ಕೊಡಬಲ್ಲವರಿಗೆ ಇವನನ್ನು ಒಪ್ಪಿಸಿರೆಂದು ಬೇಡಿಕೊಂಡಳು. ಕೆಲವೇ ದಿನಗಳಲ್ಲಿ ಆ ಕೂಸು ಸ್ವಿಸ್ ದಂಪತಿಗಳ ಮಡಿಲು ಸೇರಿತು. ಮೊದಲ ನಾಲ್ಕು ವರ್ಷ ಕೇರಳದ ತಲಶ್ಶೇರಿಯಲ್ಲಿ ಬೆಳೆದು, ಬಳಿಕ ಪೋಷಕರೊಡನೆ ಅವರ ನಾಡಿಗೆ ತೆರಳಿತು. ಆ ಮಗುವೇ 2017ರಲ್ಲಿ ಸ್ವಿಟ್ಜರ್ಲೆಂಡಿನ ಸಂಸತ್ತನ್ನು ಪ್ರವೇಶಿಸಿದ ನಿಕ್ಲಾಸ್ ಸ್ಯಾಮ್ಯುಯೆಲ್ ಗುಗ್ಗರ್. ಹೆತ್ತ ತಾಯಿಯ ಹೆಸರನ್ನೇ ಅವರು ತಮ್ಮ ಮಗಳಿಗೆ ಇಟ್ಟಿದ್ದಾರೆ. ಸಂಸತ್ತಿನ ಸ್ಥಾನಕ್ಕಿಂತ ಈ ನಾಮಕರಣವೇ ಗಮನಾರ್ಹವಾದುದು. ಸಾಕಿದವರು ಹುಟ್ಟನ್ನು ಮರೆಮಾಚಿದ್ದರೆ ಆ ಹೆಸರು ಉಳಿಯುವುದು ಸಾಧ್ಯವಿರಲಿಲ್ಲ.

ಇಂದು ವಿದೇಶದಿಂದ ಬರುವ ದಂಪತಿಗಳಿಗೆ ಮಗು ಮೊದಲು ಕಾಣುವುದು ಕಡತದಲ್ಲಿ. ಒಂದು ಭಾವಚಿತ್ರ, ಒಂದು ವೈದ್ಯಕೀಯ ವರದಿ, ಮಗುವಿನ ಸ್ವಭಾವವನ್ನು ವಿವರಿಸುವ ಕೆಲವು ಪುಟಗಳು. ತಿಂಗಳುಗಟ್ಟಲೆ ಆ ಚಿತ್ರವನ್ನೇ ನೋಡಿ ಅವರು ಮನಸ್ಸಿನಲ್ಲಿ ತಂದೆತಾಯಿಗಳಾಗಿಬಿಟ್ಟಿರುತ್ತಾರೆ. ಮಗುವಿಗೆ ಆ ಸಿದ್ಧತೆ ಅಷ್ಟಿರುವುದಿಲ್ಲ. ಎದುರಿಗೆ ನಿಂತ ಮುಖ ಹೊಸದು, ಮೈಯ ವಾಸನೆ ಹೊಸದು, ಮಾತು ತಿಳಿಯದು. ಅದು ಪರಿಚಿತ ಆಯಾಳ ಸೆರಗನ್ನು ಬಿಡದೆ ಅಳುತ್ತದೆ. ಬಂದವರಿಗೆ ಅದು ಬಹುದಿನದ ನಿರೀಕ್ಷೆ ಫಲಿಸಿದ ಗಳಿಗೆ. ಮಗುವಿಗೆ ಎರಡನೆಯದೋ ಮೂರನೆಯದೋ ಅಗಲಿಕೆ. ಆಯಾಳಿಗೂ ಅದು ಅಗಲಿಕೆಯೇ, ಆದರೆ ಅವಳ ಕಣ್ಣೀರಿಗೆ ಕಡತದಲ್ಲಿ ಜಾಗವಿಲ್ಲ. ಆ ಅಳುವನ್ನು ತಿರಸ್ಕಾರವೆಂದು ತಿಳಿಯುವವರು ನೊಂದುಕೊಳ್ಳುತ್ತಾರೆ. ಅದು ಹಿಂದಿನ ಮಮತೆಯ ಗುರುತು. ಒಬ್ಬರನ್ನು ಹಚ್ಚಿಕೊಳ್ಳಲು ಕಲಿತ ಮಗು ಇನ್ನೊಬ್ಬರನ್ನೂ ಹಚ್ಚಿಕೊಳ್ಳಬಲ್ಲದು. ಬಂದವರು ಮಾಡಬೇಕಾದುದು ಇಷ್ಟೇ: ಕೈ ಚಾಚಿ ಕಸಿದುಕೊಳ್ಳದೆ, ನೆಲದ ಮೇಲೆ ಕುಳಿತು, ಮಗು ತಾನಾಗಿ ಹತ್ತಿರ ಬರುವವರೆಗೆ ಕಾಯುವುದು.

ಗಂಧೋತ್ಕಟನು ಮನೆಗೆ ಮರಳಿ ಮಾಡಿದ ಕೆಲಸವನ್ನು ಇಲ್ಲಿ ವಿಮರ್ಶಿಸಬೇಕು. ಬದುಕಿರುವ ಮಗುವನ್ನು ಸತ್ತಿತೆಂದೆಯಲ್ಲಾ ಎಂದು ಅವನು ಮಡದಿ ಸುನಂದೆಯನ್ನು ಗದರಿಸಿ, ಕೂಸನ್ನು ಅವಳ ಕೈಗಿತ್ತನು. ಅವಳು ತನ್ನ ಮಗನೆಂದೇ ನಂಬಿ ಬೆಳೆಸಿದಳು. ಕಾಷ್ಠಾಂಗಾರನ ಭಯವಿದ್ದ ನಾಡಿನಲ್ಲಿ ಆ ಗುಟ್ಟು ಮಗುವಿನ ಪ್ರಾಣರಕ್ಷಣೆಗೆ ಅಗತ್ಯವೂ ಆಗಿದ್ದಿತು. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ವಿದ್ಯಾಭ್ಯಾಸ ಮುಗಿದ ಮೇಲೆ ಗುರು ಆರ್ಯನಂದಿಯು ಜೀವಂಧರನಿಗೆ ಅವನ ಹುಟ್ಟನ್ನು ತಿಳಿಸುತ್ತಾನೆ. ಕೇಳಿದ ಕೂಡಲೇ ಕುಮಾರನು ಶತ್ರುವಧೆಗೆ ಹೊರಡುತ್ತಾನೆ. ಗುರುವು ಒಂದು ವರ್ಷದ ಸಹನೆಯನ್ನೇ ಗುರುದಕ್ಷಿಣೆಯಾಗಿ ಬೇಡುತ್ತಾನೆ. ಸತ್ಯವನ್ನು ಹೇಳಿದವನು ಅದರ ತಾಪವನ್ನು ತಾಳುವ ದಾರಿಯನ್ನೂ ತೋರಿಸಿದನೆಂಬುದು ಇಲ್ಲಿನ ಹೆಚ್ಚುಗಾರಿಕೆ.

ನಮ್ಮ ಊರುಗಳಲ್ಲಿ ಕಾಷ್ಠಾಂಗಾರನಿಲ್ಲದಿದ್ದರೂ ಗುಟ್ಟು ಮಾತ್ರ ಉಳಿದಿದೆ. ಮಗು ನೊಂದೀತೆಂಬ ಅಂಜಿಕೆಯಿಂದ ಮನೆಯವರು ಬಾಯಿ ಬಿಡುವುದಿಲ್ಲ. ಕೊನೆಗೆ ಯಾವುದೋ ಮದುವೆ ಮನೆಯಲ್ಲಿ, ಇಲ್ಲವೆ ಆಸ್ತಿಯ ಜಗಳದಲ್ಲಿ, ಹೇಳಬಾರದವರು ಹೇಳಬಾರದ ರೀತಿಯಲ್ಲಿ ಅದನ್ನು ಹೇಳಿಬಿಡುತ್ತಾರೆ. ಆಗ ಆಗುವ ಗಾಯಕ್ಕೆ ಹುಟ್ಟು ಕಾರಣವಲ್ಲ. ಇಷ್ಟು ವರ್ಷ ನನ್ನವರೇ ನನ್ನಿಂದ ಮುಚ್ಚಿಟ್ಟರಲ್ಲಾ ಎಂಬ ಅರಿವು ಕಾರಣ. ಮೈಬಣ್ಣವೇ ಬೇರೆಯಾದ ಮಗುವನ್ನು ಸಾಕುವ ವಿದೇಶೀಯರಿಗೆ ಮುಚ್ಚಿಡುವ ದಾರಿಯೇ ಇರುವುದಿಲ್ಲ. ಅವರು ಅನಿವಾರ್ಯವಾಗಿ ಕಲಿತದ್ದನ್ನು ಇಲ್ಲಿನವರು ವಿವೇಕದಿಂದ ಕಲಿಯಬಹುದು.

ತೆಂಗಿನ ಸೀಮೆಯ ಬೇಸಾಯಗಾರನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸಸಿಮಡಿಯಲ್ಲಿ ಒಂಬತ್ತು ಹತ್ತು ತಿಂಗಳು ಬೆಳೆದ ಸಸಿಯನ್ನು ಅವನು ಗರಿ ಹಿಡಿದು ಎಳೆಯುವುದಿಲ್ಲ. ಗುದ್ದಲಿಯಿಂದ ಬಿಡಿಸಿ, ಬುಡದ ಕಾಯಿಯ ಸಮೇತ ಎತ್ತಿ ಹೊಸ ಗುಂಡಿಯಲ್ಲಿ ನೆಡುತ್ತಾನೆ. ಬೇರು ಹೊಸ ಮಣ್ಣಿಗೆ ಹೊಂದುವವರೆಗೆ ಆ ಹಳೆಯ ಕಾಯಿಯ ಸಾರವೂ ಸಸಿಯನ್ನು ಪೋಷಿಸುತ್ತದೆ. ಹೊಸ ತೋಟದ ಸಸಿಗೆ ಹಳೆಯ ಕಾಯಿ ಏಕೆಂದು ಅದನ್ನು ಕಿತ್ತೆಸೆಯುವವನು ಬೇಸಾಯ ಬಲ್ಲವನಲ್ಲ.

ಕಥೆಯ ಮುಂದಿನ ಭಾಗದಲ್ಲಿ ಜೀವಂಧರನು ತಪೋವನವೊಂದರಲ್ಲಿ ತಾಯಿ ವಿಜಯಾದೇವಿಯನ್ನು ಕಾಣುತ್ತಾನೆ. ಹೆತ್ತವಳು ಸಿಕ್ಕಳೆಂದು ಸಾಕಿದವರು ಅವನಿಗೆ ಪರಕೀಯರಾಗಲಿಲ್ಲ. ಗಂಧೋತ್ಕಟನು ಅವನಿಗೆ ತಂದೆಯಾಗಿಯೇ ಉಳಿದನು.