ಮಾನಮೋಡಿಯಿಂದ ಕೊರೋನಾದವರೆಗೆ



ನಮ್ಮ ನವಲಗುಂದ, ಅಣ್ಣಿಗೇರಿ ಸೀಮೆಯ ಹಿರಿಯರ ಮಾತಿನಲ್ಲಿ ಇಸವಿಗಳು ಬರುತ್ತಿರಲಿಲ್ಲ. ‘ಪ್ಲೇಗಿನ ವರ್ಷ’, ‘ಬರ ಬಿದ್ದ ವರ್ಷ’ ಎಂದೇ ಅವರು ಲೆಕ್ಕ ಹಿಡಿಯುತ್ತಿದ್ದರು. ನನ್ನ ಆಯಿ, ಅಂದರೆ ತಂದೆಯ ತಾಯಿ, ಇವುಗಳೊಡನೆ ‘ಮಾನಮೋಡಿ ವರ್ಷ’ ಎಂಬ ಇನ್ನೊಂದನ್ನು ಸೇರಿಸುತ್ತಿದ್ದಳು. ಮಾನಮೋಡಿ ಎಂಬುದು ಮರಾಠಿಯ ಶಬ್ದ. ಕುತ್ತಿಗೆ ಮುರಿಯುವುದು ಎಂದರ್ಥ. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಆ ಹೆಸರು ಇಲ್ಲಿಗೂ ಬಂದಿರಬೇಕು. ಅದು 1918ರ ಇನ್‌ಫ್ಲುಯೆಂಜಾ ಎಂಬುದು ನನಗೆ ತಿಳಿದದ್ದು ಶಿಕ್ಷಕ ವೃತ್ತಿಗೆ ಸೇರಿದ ಮೇಲೆ.

ಆ ಬೇನೆ 1918ರ ಜೂನ್ ತಿಂಗಳಲ್ಲಿ ಮುಂಬಯಿ ಬಂದರಿನಲ್ಲಿ ಕಾಣಿಸಿಕೊಂಡು, ರೈಲು ಮಾರ್ಗಗಳ ಗುಂಟ ದೇಶದಲ್ಲೆಲ್ಲ ಹಬ್ಬಿತು. ಸೆಪ್ಟೆಂಬರಿನಲ್ಲಿ ಎದ್ದ ಎರಡನೆಯ ಅಲೆಯೇ ಭೀಕರವಾದದ್ದು. ಅಕ್ಟೋಬರ್ 6ರಂದು ಮುಂಬಯಿ ನಗರವೊಂದರಲ್ಲೇ 768 ಜನ ಸತ್ತರು. ಆ ವರ್ಷ ಮಳೆಯೂ ಕೈಕೊಟ್ಟು ಧಾನ್ಯದ ಬೆಲೆ ಏರಿತ್ತು. ಹಸಿದ ಮೈಗೆ ಜ್ವರ ಬೇಗ ಹತ್ತಿತು. ಭಾರತದಲ್ಲಿ ಸತ್ತವರು 1.2 ಕೋಟಿಯಿಂದ 2 ಕೋಟಿಯೆಂದು ಅಂದಾಜಿದೆ. ಇಂದಿನ ಭಾರತದ ಗಡಿಯೊಳಗಿನ ಜನಸಂಖ್ಯೆ 1911ರಲ್ಲಿ 25.21 ಕೋಟಿಯಿದ್ದದ್ದು 1921ರಲ್ಲಿ 25.13 ಕೋಟಿಗೆ ಇಳಿಯಿತು. ನಮ್ಮ ಜನಗಣತಿಯ ಇತಿಹಾಸದಲ್ಲಿ ಹಾಗೆ ಇಳಿದ ದಶಕ ಅದೊಂದೇ.

“ಒಬ್ಬರನ್ನ ಮಣ್ಣು ಮಾಡಿ ಬರೂದ್ರಾಗ ಇನ್ನೊಬ್ಬರು ಹೋಗಿರತಿದ್ರು” ಎನ್ನುತ್ತಿದ್ದಳು ಆಯಿ. ಆಕೆಯ ಅಕ್ಕ ಆಗಲೇ ಹಸುಗೂಸನ್ನು ಬಿಟ್ಟು ತೀರಿಕೊಂಡಳು. ಇದು ನಮ್ಮ ಮನೆಯೊಂದರ ದುರ್ದೈವವಲ್ಲ. ಆ ಬೇನೆ 20ರಿಂದ 40 ವರ್ಷದ ಗಟ್ಟಿ ಪ್ರಾಯದವರನ್ನೇ ಹೆಚ್ಚಾಗಿ ಕೊಂದಿತು. ನಮ್ಮ ದೇಶದಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು ಸತ್ತರು. ಉಳಿದವರು ಉಂಡ ಮೇಲೆ ಉಣ್ಣುವವಳೂ ಹೆಣ್ಣು, ರೋಗಿಯ ಪಕ್ಕದಲ್ಲಿ ಕೂಡುವವಳೂ ಹೆಣ್ಣು. ಆಯಿ ಕೊನೆಯವರೆಗೂ ‘ನಮ್ಮಕ್ಕ’ ಎಂದೇ ಹೇಳಿದಳು. ಅವಳ ಹೆಸರು ಮನೆಯ ಯಾವ ಕಾಗದದಲ್ಲೂ ಉಳಿದಿಲ್ಲ.

1898ರಲ್ಲಿ ಪ್ಲೇಗು ಬಂದಾಗ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಹಾಫ್‌ಕಿನ್ನರ ಲಸಿಕೆ ಹಾಕಿಸಿಕೊಂಡಿದ್ದರು. ಇನ್‌ಫ್ಲುಯೆಂಜಾಕ್ಕೆ ಅಂಥ ಆಸರೆ ಇರಲಿಲ್ಲ. ಅದರ ಮೂಲ ಒಂದು ವೈರಾಣು ಎಂಬುದು ಗೊತ್ತಾದದ್ದೇ 1933ರಲ್ಲಿ.

ನೂರೆರಡು ವರ್ಷಗಳ ಬಳಿಕ ಕೊರೋನಾ ಬಂತು. 2020ರ ಮಾರ್ಚ್ 10ರಂದು ತೀರಿಕೊಂಡ ಕಲಬುರಗಿಯ ವೃದ್ಧರೊಬ್ಬರದು ದೇಶದಲ್ಲಿ ಈ ರೋಗದ ಮೊದಲ ಸಾವು. ಅದೇ ತಿಂಗಳು ಧಾರವಾಡದಲ್ಲೂ ಸೋಂಕು ಪತ್ತೆಯಾಯಿತು. ಹಳ್ಳಿಗಳ ದಾರಿಗೆ ಅಡ್ಡಲಾಗಿ ಜಾಲಿಯ ಕಂಟಿ ಬಿದ್ದವು. ಗೋವಾ, ಬೆಂಗಳೂರುಗಳಿಂದ ಬರಿಗೈಯಲ್ಲಿ ಬಂದ ದುಡಿಮೆಗಾರರು ತಮ್ಮೂರಿನ ಅಗಸಿಯಲ್ಲೇ ಪರಕೀಯರಾದರು. ಶಾಲೆಗಳು ಮುಚ್ಚಿದ ಮೇಲೆ, ಆಗಸ್ಟಿನಲ್ಲಿ ‘ವಿದ್ಯಾಗಮ’ ಯೋಜನೆಯಡಿ ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳಿನಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು.

2021ರ ಎರಡನೆಯ ಅಲೆಯಲ್ಲಿ ನನ್ನ ಕೈಯಲ್ಲಿ ಕಲಿತು ಶಿಕ್ಷಕನಾಗಿದ್ದ ಒಬ್ಬ ಹುಡುಗ ಹೋದ. ಹುಡುಗನೆಂದರೂ ಐವತ್ತರ ಹತ್ತಿರದವನು. ಎಪ್ಪತ್ತು ದಾಟಿದ ನಾನು ಉಳಿದೆ. ಸುತ್ತಿ ಕಟ್ಟಿದ ದೇಹದ ಮುಖವನ್ನು ಅವನ ತಾಯಿಗೂ ನೋಡಲಾಗಲಿಲ್ಲ. ಮೂರನೆಯ ದಿನ ಮನೆ ತುಂಬ ಕೂಡಬೇಕಾಗಿದ್ದ ಬಂಧುಗಳು ಫೋನಿನಲ್ಲೇ ಅತ್ತರು. ಅದೇ ದಿನಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ, ಈಗಿನ ಆಶಾ ಕಾರ್ಯಕರ್ತೆ, ಬಾಗಿಲಿಗೆ ಬಂದು, “ಗುರುಗಳ, ನೀವು ಸೂಜಿ ಮಾಡಿಸಿಕೊಂಡೀರಿ ಅಂದ್ರ ಓಣ್ಯಾಗಿನ ಮಂದಿ ಬರ್ತಾರ್ರಿ” ಎಂದಳು. ನನ್ನ ಲಸಿಕೆಯ ಚೀಟಿಯನ್ನೇ ಹಿಡಿದು ಇಬ್ಬರೂ ಮನೆಮನೆಗೆ ಹೋದೆವು. ಅಂದು ಅವಳು ಗುರು, ನಾನು ಶಿಷ್ಯ.

ರೋಗದಿಂದಾದ ಸಾವನ್ನು ಮನೆಯವರು ಮಾತಾಡುವುದಿಲ್ಲ. ಮಾತಾಡದ್ದು ಎರಡು ತಲೆಮಾರಿನಲ್ಲಿ ಅಳಿದುಹೋಗುತ್ತದೆ. ಸರಕಾರದ ಲೆಕ್ಕದಲ್ಲಿ ಅಂಕಿ ಉಳಿದೀತು, ಹೆಸರು ಉಳಿಯದು. ಆದ್ದರಿಂದ ನಿಮ್ಮಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಆ ಎರಡು ವರ್ಷಗಳಲ್ಲಿ ಹೋದವರ ಹೆಸರು, ವಯಸ್ಸು, ಅವರು ಮಾಡುತ್ತಿದ್ದ ಕೆಲಸ ಇಷ್ಟನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಹೆಂಗಸರ ಹೆಸರನ್ನು ‘ಇಂಥವರ ಹೆಂಡತಿ’ ಎಂದು ಬರೆಯದೆ, ಅವರದೇ ಹೆಸರಿನಿಂದ ಬರೆಯಿರಿ. ಅಕ್ಷರ ಕಲಿತದ್ದಕ್ಕೆ ಇಷ್ಟಾದರೂ ಸಾರ್ಥಕವಾಗಲಿ.