ಬಿತ್ತಾ?

2001ರ ಮೇ 10, ತಮಿಳುನಾಡು ವಿಧಾನಸಭೆಯ ಚುನಾವಣೆ. ರಾಜ್ಯದ ಎಲ್ಲ ಕ್ಷೇತ್ರಗಳಲ್ಲೂ ಮತಯಂತ್ರವನ್ನೇ ಇಟ್ಟದ್ದು ಅದೇ ಮೊದಲು. ನಗಬೇಡಿ, ಅದನ್ನು ಕಂಡು ಮತದಾರರಿಗಿಂತ ಹೆಚ್ಚು ಹೆದರಿದವರು ನಾವು ಮೇಷ್ಟ್ರುಗಳು.

ನಾನು ಮಸಿನಗುಡಿ ಕಡೆಯವನು. ಡ್ಯೂಟಿ ಬಿದ್ದದ್ದು ಕೋತಗಿರಿ ಹತ್ತಿರದ ಒಂದು ಬಡಗರ ಹಟ್ಟಿಯ ಶಾಲೆಗೆ. ಅವರದು ಬಡಗ, ನನ್ನದು ಕನ್ನಡ, ಮಾತಿಗೇನೂ ತೊಂದರೆಯಿರಲಿಲ್ಲ. ನನ್ನ ಪಾಲಿಗೆ ಬಂದದ್ದು ಕಂಟ್ರೋಲ್ ಯೂನಿಟ್ಟು. ಚೀಟಿ ಇಸಿದುಕೊಂಡು ನಾನೊಂದು ಗುಂಡಿ ಒತ್ತಬೇಕು. ಆಗ ಐದು ಮೀಟರ್ ವೈರಿನಾಚೆ, ರಟ್ಟಿನ ಮರೆಯಲ್ಲಿರುವ ಯಂತ್ರದಲ್ಲಿ ಹಸಿರು ದೀಪ ಹತ್ತುತ್ತದೆ. ಮತದಾರರು ನೀಲಿ ಗುಂಡಿ ಒತ್ತಿದರೆ ಪಕ್ಕದಲ್ಲೇ ಕೆಂಪು ದೀಪ, ಜೊತೆಗೆ ಉದ್ದಕ್ಕೆ ಒಂದು 'ಕೀಂ'. ಆಮೇಲೆ ಎಷ್ಟು ಒತ್ತಿದರೂ ಅದು ಜಪ್ಪಯ್ಯ ಎನ್ನುವುದಿಲ್ಲ. ನಡೆಯುವುದು ಬ್ಯಾಟರಿಯಲ್ಲಿ, ಬೆಟ್ಟದ ಮಳೆಗೆ ಕರೆಂಟು ಹೋದರೂ ಚಿಂತೆಯಿಲ್ಲ.

ಆ ಯಂತ್ರಕ್ಕೆ ರೂಪ ಕೊಟ್ಟವರು ಮುಂಬೈ ಐಐಟಿಯ ಇಂಡಸ್ಟ್ರಿಯಲ್ ಡಿಸೈನ್ ಸೆಂಟರಿನ ಎ.ಜಿ. ರಾವ್ ಮತ್ತು ರವಿ ಪೂವಯ್ಯ. ತಯಾರಿಸಿದ್ದು ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್. ಇದೆಲ್ಲ ನನಗೆ ತಿಳಿದದ್ದು ಬಹಳ ಆಮೇಲೆ. ಯಂತ್ರ ಮನುಷ್ಯನ ಕೈಗೆ, ಕಣ್ಣಿಗೆ ಹೇಗೆ ಒಗ್ಗಬೇಕು ಅನ್ನುವುದೇ ಅಂಥ ಕಡೆ ಒಂದು ವಿದ್ಯೆಯಂತೆ. ಹಾಗೆ ನೋಡಿದರೆ ಹಳೆಯ ಮತಪತ್ರದ ರಬ್ಬರ್ ಮುದ್ರೆಯಲ್ಲೂ ಆ ವಿದ್ಯೆ ಇತ್ತು. ಬಾಣಗಳು ಒಂದೇ ದಿಕ್ಕಿಗೆ ತಿರುಗಿದ ಗುರುತು ಅದು. ಮಡಿಚಿದಾಗ ಮಸಿ ಇನ್ನೊಬ್ಬರ ಚಿಹ್ನೆಗೆ ಅಂಟಿದರೂ ಅಲ್ಲಿ ಬಾಣ ಉಲ್ಟಾ ತಿರುಗಿರುತ್ತದೆ, ಅಸಲು ಯಾವುದೆಂದು ತಿಳಿಯುತ್ತದೆ. ಯಾರ ತಲೆಗೆ ಹೊಳೆಯಿತೋ, ಪುಣ್ಯಾತ್ಮ!

ಮತ್ತೆ ಆ ದಿನಕ್ಕೆ ಬರೋಣ. ಚಹಾದ ಹಸಿರೆಲೆಯ ಬೆಲೆ ಪಾತಾಳಕ್ಕಿಳಿದಿದ್ದ ಕಾಲವದು. ತೋಟದ ಹೆಂಗಸರು ಬೆಳಗ್ಗೆಯೇ ಬಂದು ಸಾಲು ನಿಂತರು. ನಡುವೆ ಬಿಳಿ ಸೀರೆಯ ಹೆತ್ತೆಯೊಬ್ಬರು, ಅಂದರೆ ಅಜ್ಜಿ. ಒಳಗೆ ಹೋದರು, 'ಕೀಂ' ಎಂದಿತು. ಈಚೆ ಬರಲಿಲ್ಲ.

"ಬಿತ್ತಾ?" ಎಂದರು ಮರೆಯಿಂದಲೇ.

"ಬಿತ್ತು ಹೆತ್ತೆ, ಸದ್ದಾಯಿತಲ್ಲ, ಬನ್ನಿ" ಎಂದು ಕೂಗಿದೆ.

"ಸದ್ದು ನಿನಗೆ ಕೇಳಿಸಿತು. ನನ್ನ ಕಿವಿ ಮಂದವಾಗಿ ಎಷ್ಟು ಕಾಲವಾಯಿತು!"

ಕೆಂಪು ದೀಪ ನೋಡಲಿಲ್ಲವೇ ಎಂದೆ. ನೋಡಿದರಂತೆ. ದೀಪ ಹತ್ತಿತು, ಆರಿತು. ಓಟು ಎಲ್ಲಿಗೆ ಹೋಯಿತು? ಪೆಟ್ಟಿಗೆಯಾಗಿದ್ದರೆ ಚೀಟಿ ಒಳಗೆ ಬೀಳುವುದನ್ನು ಕಣ್ಣಾರೆ ಕಾಣುತ್ತಿದ್ದೆ ಅಂದರು. ನನ್ನಲ್ಲಿ ಉತ್ತರವಿರಲಿಲ್ಲ. ಮರೆಯ ಹಿಂದೆ ನಾವು ಹೋಗುವಂತೆಯೂ ಇಲ್ಲ. ಪ್ರಿಸೈಡಿಂಗ್ ಆಫೀಸರು ಗಡಿಯಾರ ನೋಡಿದರು. ಬೆಂಚಿನ ಮೇಲೆ ಕೂತಿದ್ದ ಪಕ್ಷಗಳ ಏಜೆಂಟರು, ಬೆಳಗಿನಿಂದ ಒಬ್ಬರ ಮುಖ ಒಬ್ಬರು ನೋಡದವರು, ಒಟ್ಟಿಗೇ ಕೂಗಿದರು: "ಬಿತ್ತು ಹೆತ್ತೆ, ಬಿತ್ತು!"

ಅವರು ಈಚೆ ಬಂದು ಎಲ್ಲರನ್ನೂ ಒಮ್ಮೆ ದಿಟ್ಟಿಸಿದರು. "ನೀವೆಲ್ಲ ಒಂದೇ ಮಾತು ಆಡಿದರೆ ನನಗೆ ಇನ್ನೂ ಅನುಮಾನ" ಎಂದು ಕೋಲೂರಿಕೊಂಡು ಹೊರಟರು.

ಹೆತ್ತೆಯ ಹಟ ಅಂತ ಆಗ ನಕ್ಕೆವು. ಅದೇ ಪ್ರಶ್ನೆಯನ್ನು ದೊಡ್ಡವರು ಕೋರ್ಟಿನವರೆಗೂ ಒಯ್ದರು. 2013ರಲ್ಲಿ ನಾಗಾಲ್ಯಾಂಡಿನ ನೊಕ್ಸೆನ್ ಕ್ಷೇತ್ರದಲ್ಲಿ ಮೊದಲ ಸಲ ವಿವಿಪ್ಯಾಟ್ ಬಂತು. ಗಾಜಿನ ಹಿಂದೆ ಚೀಟಿ ಏಳು ಸೆಕೆಂಡು ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ. ಹೆತ್ತೆ ಕೇಳಿದ್ದು ಇದನ್ನೇ ಅಲ್ಲವೇ?

ಆವತ್ತಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡಿದ್ದರು ನೋಡಿ, ಕಿವಿ ಚುರುಕಾಗಿದ್ದವರೂ "ಬಿತ್ತಾ?" ಎನ್ನದೆ ಮರೆಯಿಂದ ಈಚೆ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಗಂಟಲು ಕಟ್ಟಿತು. ಆಮೇಲೆ ಪ್ರತಿ 'ಕೀಂ'ಗೂ "ಬಿತ್ತು" ಎನ್ನುವ ಕೆಲಸವನ್ನು ಏಜೆಂಟರೇ ಸರದಿ ಹಾಕಿಕೊಂಡು ಮಾಡಿದರು.